ಸೋಲು ನಮಗೆ ಒಗ್ಗಿತ್ತು, ಗೆಲುವು ಅವರಿಗೆ

ಆರ್‌ಸಿಬಿ ಅಭಿಮಾನಿಗಳ ಮುಂದೆ ಬಾಸ್ಟನ್‌ನ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್ ಕಥೆ ತೆಗೆದರೆ ಸಾಕು, "ಅಯ್ಯೋ, ಹಾಗಾದ್ರೆ ನಮ್ದೇನೂ ಅಲ್ಲ ಬಿಡಿ" ಅನ್ನುತ್ತಾರೆ. ನಾವು ಕಪ್‌ಗೆ ಕಾದದ್ದು 18 ವರ್ಷ. ರೆಡ್ ಸಾಕ್ಸ್ 1918ರಲ್ಲಿ ವರ್ಲ್ಡ್ ಸೀರೀಸ್, ಅಂದ್ರೆ ಅಮೆರಿಕದ ಬೇಸ್‌ಬಾಲ್‌ನ ಫೈನಲ್ ಸರಣಿ, ಗೆದ್ದ ಮೇಲೆ ಮತ್ತೆ ಗೆದ್ದದ್ದು 2004ರಲ್ಲಿ. ಬಾಸ್ಟನ್‌ಗೆ ಬಂದು ನೆಲೆಸಿದ ಮೇಲೆ ನನಗೆ ಈ ತಂಡದ ಹುಚ್ಚೂ ಹತ್ತಿಕೊಂಡಿದೆ. ಹಾಗಾಗಿ ಹೋಲಿಸದೆ ಇರೋಕಾಗಲ್ಲ. ನನ್ನ ಪ್ರಕಾರ ಸೋಲನ್ನು ನಾವು ಅವರಿಗಿಂತ ಚೆನ್ನಾಗಿ ನುಂಗಿಕೊಂಡೆವು. ಗೆಲುವನ್ನು ಅವರು ನಮಗಿಂತ ಚೆನ್ನಾಗಿ ಅನುಭವಿಸಿದರು.

ಮೊದಲು ಸೋಲು. 1986ರ ಅಕ್ಟೋಬರ್ 25, ವರ್ಲ್ಡ್ ಸೀರೀಸ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ವಿರುದ್ಧ ಆರನೇ ಪಂದ್ಯ. ನಾಲ್ಕು ಪಂದ್ಯ ಮೊದಲು ಗೆದ್ದವರಿಗೆ ಕಪ್. ಸರಣಿಯಲ್ಲಿ ಬಾಸ್ಟನ್ 3-2ರಿಂದ ಮುಂದಿತ್ತು. ಒಂಬತ್ತು ಇನಿಂಗ್ಸ್ ಸಮವಾಗಿ ಮುಗಿದು ಆಟ ಮುಂದುವರಿದಿತ್ತು. ಹತ್ತನೇ ಇನಿಂಗ್ಸ್‌ನಲ್ಲಿ ಎರಡು ರನ್ ಮೇಲುಗೈ, ಎದುರಾಳಿಗಳ ಇಬ್ಬರು ಔಟ್. ಇನ್ನೊಂದು ಔಟ್ ಸಿಕ್ಕಿದ್ದರೆ ಕಪ್ ಕೈಯಲ್ಲಿ. ಅಲ್ಲಿಂದ ಸಾಲಾಗಿ ಮೂರು ಹಿಟ್. ಆಮೇಲೆ ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ) ಎಸೆದ ಚೆಂಡು ದಿಕ್ಕು ತಪ್ಪಿ ಸ್ಕೋರ್ ಸಮ. ಕೊನೆಗೆ ಮೂಕಿ ವಿಲ್ಸನ್ ಹೊಡೆದ ಚೆಂಡು ನೆಲದ ಮೇಲೆ ಉರುಳುತ್ತಾ ಬಂತು. ಬ್ಯಾಟರ್ ಓಡಿ ಮುಟ್ಟಬೇಕಾದ ಮೊದಲ ಠಾಣೆ, ಫಸ್ಟ್ ಬೇಸ್‌ನಲ್ಲಿದ್ದ ಬಾಸ್ಟನ್‌ನ ಬಿಲ್ ಬಕ್ನರ್ ಬಗ್ಗಿದರು. ಚೆಂಡು ಅವರ ಎರಡು ಕಾಲುಗಳ ನಡುವೆ ನುಸುಳಿ ಹೋಯಿತು. ಪಂದ್ಯ ಮೆಟ್ಸ್ ಪಾಲಾಯಿತು.

ಬಕ್ನರ್ ಆ ಚೆಂಡು ಹಿಡಿದಿದ್ದರೂ ಬಾಸ್ಟನ್ ಗೆಲ್ಲುತ್ತಿರಲಿಲ್ಲ. ಆಟ ಹನ್ನೊಂದನೇ ಇನಿಂಗ್ಸ್‌ಗೆ ಹೋಗುತ್ತಿತ್ತು, ಅಷ್ಟೇ. ಏಳನೇ ಪಂದ್ಯ ಇನ್ನೂ ಬಾಕಿ ಇತ್ತು. ಅದರಲ್ಲೂ 3-0 ಮುಂದಿದ್ದು ಸೋತರು. ಆದರೂ ಊರೆಲ್ಲಾ ಸೇರಿ ತಪ್ಪು ಹೊರಿಸಿದ್ದು ಒಬ್ಬರ ತಲೆಗೆ. ಕೊಲೆ ಬೆದರಿಕೆ ಕೂಡ ಬಂತು. ಕಡೆಗೆ ಆ ಮನುಷ್ಯ ಸಂಸಾರ ಕಟ್ಟಿಕೊಂಡು ದೂರದ ಐಡಾಹೋ ಸೇರಿಬಿಟ್ಟರು.

ನಮ್ಮ 2016ರ ಫೈನಲ್ ನೆನಪಿದೆ ಅಲ್ವಾ? ಚಿನ್ನಸ್ವಾಮಿಯಲ್ಲೇ 209 ಗುರಿ, 8 ರನ್‌ಗಳ ಸೋಲು. ವಾಟ್ಸನ್ 4 ಓವರ್‌ಗೆ 61 ಕೊಟ್ಟಿದ್ದರು. ಬೈದೆವು, ಮೀಮ್ ಮಾಡಿದೆವು, ಮುಂದಿನ ವರ್ಷ ಮತ್ತೆ "ಈ ಸಲ ಕಪ್ ನಮ್ದೇ" ಅಂದೆವು. ಬೇರೆಯವರು ನಗುವ ಮೊದಲೇ ನಮ್ಮನ್ನು ನಾವೇ ನಕ್ಕು ಮುಗಿಸಿದ್ದೆವು. ಬಾಸ್ಟನ್‌ನವರಿಗೆ ಆ ನಗು ಬರಲಿಲ್ಲ. ತಮ್ಮ ದೊಡ್ಡ ತಾರೆ ಬೇಬ್ ರೂತ್‌ರನ್ನು ಎದುರಾಳಿ ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿದ ಶಾಪ ಇದು ಅಂತ ನಂಬಿಕೊಂಡು ಕೂತರು.

ಶಾಪ ಅನ್ನೋದು ಸುಮ್ನೆ ನೆಪ. 1945ರ ಏಪ್ರಿಲ್‌ನಲ್ಲಿ ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಇವರದೇ ತವರು ಮೈದಾನ ಫೆನ್‌ವೇ ಪಾರ್ಕ್‌ಗೆ ಬಂದು ಆಡಿ ತೋರಿಸಿದ್ದರು. ತಂಡ ಅವರನ್ನು ತೆಗೆದುಕೊಳ್ಳಲಿಲ್ಲ. ಎರಡೇ ವರ್ಷಕ್ಕೆ ಬ್ರೂಕ್ಲಿನ್ ತಂಡದಲ್ಲಿ ಆಡಿ, ಬಿಳಿಯರಿಗಷ್ಟೇ ಮೀಸಲಾಗಿದ್ದ ದೊಡ್ಡ ಲೀಗ್‌ನ ಬಾಗಿಲು ತೆರೆದು ಅವರು ಚರಿತ್ರೆ ಬರೆದರು. ರೆಡ್ ಸಾಕ್ಸ್‌ನಲ್ಲಿ ಮೊದಲ ಕಪ್ಪು ಆಟಗಾರ ಪಂಪ್ಸಿ ಗ್ರೀನ್ ಕಣಕ್ಕಿಳಿದದ್ದು 1959ರಲ್ಲಿ. ಆಗಿದ್ದ 16 ತಂಡಗಳಲ್ಲಿ ಎಲ್ಲರಿಗಿಂತ ಕೊನೆಗೆ! ಒಳ್ಳೆ ಆಟಗಾರರು ಬಾಗಿಲಿಗೆ ಬಂದರೂ ಬಣ್ಣ ನೋಡಿ ವಾಪಸ್ ಕಳಿಸಿದವರು ಬೇಬ್ ರೂತ್‌ರನ್ನು ದೂರಿದರೆ ಹೇಗೆ?

ಇನ್ನು 2004. ವರ್ಲ್ಡ್ ಸೀರೀಸ್‌ಗೆ ಮುಂಚಿನ, ಯಾಂಕೀಸ್ ವಿರುದ್ಧದ ಸರಣಿಯಲ್ಲಿ 0-3 ಹಿಂದೆ. ಮೂರನೇ ಪಂದ್ಯ ಸೋತದ್ದು 19-8ರಿಂದ. ನಾಲ್ಕನೆಯದರ ಒಂಬತ್ತನೇ ಇನಿಂಗ್ಸ್‌ನಲ್ಲಿ ಒಂದು ರನ್ ಕಮ್ಮಿ, ಎದುರಿಗೆ ಪಿಚರ್ ಮರಿಯಾನೋ ರಿವೇರಾ. ಬರೀ ಓಡುವುದಕ್ಕೆಂದೇ ಡೇವ್ ರಾಬರ್ಟ್ಸ್‌ರನ್ನು ಇಳಿಸಿದರು. ಅವರು ಸೆಕೆಂಡ್ ಬೇಸ್ ಕದಿಯುತ್ತಾರೆ, ಅಂದ್ರೆ ಹಿಟ್ ಇಲ್ಲದೆಯೇ ಓಡಿ ಮುಟ್ಟುತ್ತಾರೆ ಅಂತ ಇಡೀ ಮೈದಾನಕ್ಕೆ ಗೊತ್ತು. ರಿವೇರಾ ಮೂರು ಸಲ ಫಸ್ಟ್ ಬೇಸ್‌ಗೆ ಎಸೆದು ಹೆದರಿಸಿದರು. ನಾಲ್ಕನೇ ಸಲ ಬ್ಯಾಟರ್ ಕಡೆ ಎಸೆದದ್ದೇ ತಡ, ರಾಬರ್ಟ್ಸ್ ಓಟ ಕಿತ್ತು ಮುಂದಕ್ಕೆ ಹಾರಿ ಬಿದ್ದರು. ಕೈ ಬೇಸ್ ಮುಟ್ಟಿದ ಮೇಲೆ ಟ್ಯಾಗ್ (ಔಟ್ ಮಾಡಲು ಚೆಂಡು ತಾಗಿಸುವುದು) ಬಂತು. ಕೂದಲೆಳೆ ಅಂತರ! ಮುಂದಿನ ಹಿಟ್‌ಗೆ ಸ್ಕೋರ್ ಸಮ. ಹನ್ನೆರಡನೇ ಇನಿಂಗ್ಸ್‌ನಲ್ಲಿ, ನಡುರಾತ್ರಿ ದಾಟಿದ ಮೇಲೆ, ಡೇವಿಡ್ ಒರ್ಟಿಸ್ ಹೋಮ್ ರನ್, ನಮ್ಮ ಸಿಕ್ಸರ್ ಇದ್ದ ಹಾಗೆ. ಅದೂ ಸೇರಿ ಎಂಟು ಪಂದ್ಯ ಸಾಲಾಗಿ ಗೆದ್ದು ಕಪ್ ಎತ್ತಿದರು. ಅಪ್ಪ, ಅಜ್ಜಂದಿರ ಸಮಾಧಿಗೆ ಹೋಗಿ ತಂಡದ ಬಾವುಟ ಇಟ್ಟು ಬಂದವರಿದ್ದರು.

ಬಕ್ನರ್‌ರನ್ನೂ ಕರೆಸಿದರು. 2008ರಲ್ಲಿ ತವರಿನ ಮೊದಲ ಪಂದ್ಯ ಶುರುವಾಗುವ ಮುಂಚೆ ಗೌರವಕ್ಕೆಂದು ಮೊದಲ ಚೆಂಡು ಎಸೆದದ್ದು ಅವರೇ. ಇಡೀ ಫೆನ್‌ವೇ ಎದ್ದು ನಿಂತು ಚಪ್ಪಾಳೆ ತಟ್ಟಿತು, ಅವರು ಕಣ್ಣೊರೆಸಿಕೊಂಡರು. 22 ವರ್ಷ ತಡವಾಯಿತು ನಿಜ, ಆದರೂ ಕರೆದರಲ್ಲ.

2004ರ ಕಪ್ ಗೆದ್ದದ್ದು ಅಕ್ಟೋಬರ್ 27ಕ್ಕೆ, ಮೆರವಣಿಗೆ ಆದದ್ದು 30ಕ್ಕೆ. ಮಧ್ಯೆ ಮೂರು ದಿನ. ಆಟಗಾರರು ನೆಲದ ಮೇಲೂ ನೀರಲ್ಲೂ ಹೋಗುವ ಡಕ್ ಬೋಟ್ ಹತ್ತಿ ಬೀದಿಗಳಲ್ಲಿ ಸಾಗಿ, ಚಾರ್ಲ್ಸ್ ನದಿಗೂ ಇಳಿದರು. ಹಾದಿ ಉದ್ದ ಇದ್ದಷ್ಟೂ ಜನ ಒಂದೇ ಕಡೆ ಮುಗಿಬೀಳಲ್ಲ. ಇವರೇನೂ ಹುಟ್ಟಾ ಶಿಸ್ತಿನವರಲ್ಲ. ಯಾಂಕೀಸ್ ಸೋತ ರಾತ್ರಿ ಬೀದಿಯಲ್ಲಿ ಗಲಾಟೆಯಾಗಿ, ಪೊಲೀಸರು ಹೊಡೆದ ಪೆಪ್ಪರ್ ಗುಂಡು ತಗುಲಿ ಒಬ್ಬ ವಿದ್ಯಾರ್ಥಿನಿ ಸತ್ತಿದ್ದಳು. ಮೆರವಣಿಗೆ ನಡೆದದ್ದು ಅದಾದ ಮೇಲೆ.

ನಮ್ಮವರು ಅಹಮದಾಬಾದ್‌ನಲ್ಲಿ ಕಪ್ ಎತ್ತಿದ್ದು 2025ರ ಜೂನ್ 3ರ ರಾತ್ರಿ. ಮರುದಿನ ಸಂಜೆಗೇ ಬೆಂಗಳೂರಲ್ಲಿ ಸಂಭ್ರಮ ಇಟ್ಟುಕೊಂಡರು. ಚಿನ್ನಸ್ವಾಮಿ ಗೇಟುಗಳ ಹೊರಗೆ ನೂಕುನುಗ್ಗಲಿಗೆ ಸಿಕ್ಕಿ 11 ಜನ ಸತ್ತರು. 18 ವರ್ಷ ಕಾದ ಅಭಿಮಾನಿಗಳು ಇನ್ನೂ ಮೂರು ದಿನ ಕಾಯಲ್ಲ ಅಂತ ಯಾರು ಹೇಳಿದ್ದರು?