ಬೆರಳಿಗೊಂದು ಚುಚ್ಚು, ಕೈಗೊಂದು ಲಾಡು

ದಾವಣಗೆರೆಯಲ್ಲಿ ಈಗ ಶುಗರ್ ಕ್ಯಾಂಪ್ ಇಲ್ಲದೆ ಯಾವ ನಾಯಕರ ಹುಟ್ಟುಹಬ್ಬವೂ ಮುಗಿಯಲ್ಲ. ಮೊನ್ನೆಯದನ್ನು ನೀವೂ ನೋಡಿರುತ್ತೀರಿ. ‘ಬೃಹತ್ ಉಚಿತ ತಪಾಸಣಾ ಶಿಬಿರ’ ಅಂತ ಫ್ಲೆಕ್ಸು. ಒಂದು ಟೇಬಲ್ಲಿನಲ್ಲಿ ಬೆರಳು ಚುಚ್ಚುತ್ತಾರೆ, ಪಕ್ಕದ ಟೇಬಲ್ಲಿನಲ್ಲಿ ಲಾಡು ಕೊಡುತ್ತಾರೆ. ದೂರದೃಷ್ಟಿ ಅಂದ್ರೆ ಇದು. ಮುಂದಿನ ವರ್ಷದ ಶಿಬಿರಕ್ಕೂ ಜನ ಬೇಕಲ್ವಾ?

ತಿಂಡಿ ತಿಂದು ಬಂದಿರಾ, ಖಾಲಿ ಹೊಟ್ಟೆಯಾ ಅಂತ ಯಾರೂ ಕೇಳಲ್ಲ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಶುಗರ್ ಇರಬಹುದು, ಇನ್ನೊಮ್ಮೆ ನೋಡಿ ಖಚಿತ ಮಾಡಿಕೊಳ್ಳಬೇಕು ಅನ್ನೋದು ಡಾಕ್ಟರ ಲೆಕ್ಕ. ಎಷ್ಟು ಬೆರಳು ಚುಚ್ಚಿದೆವು ಅನ್ನೋದು ಶಿಬಿರದ ಲೆಕ್ಕ. ‘ಇಷ್ಟು ಬಂದೈತೆ, ಏನ್ ಮಾಡ್ಲಿ ಸಾರ್?’ ಅಂತ ಚೀಟಿ ಹಿಡಿದು ನಿಂತ ಅಜ್ಜನಿಗೆ ‘ಸ್ವಲ್ಪ ಈ ಕಡೆ ಬಾ ಅಜ್ಜಾ, ಫೋಟೋದಲ್ಲಿ ಬೀಳಲ್ಲ’ ಅನ್ನೋದೇ ಉತ್ತರ.

ಆದರೂ ಹೆಮ್ಮೆ ಪಡಬೇಕು. 2023ರಲ್ಲಿ ಹೊರಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ ಶುಗರ್ ಇರುವವರು 10.1 ಕೋಟಿ. ಇನ್ನೂ 13.6 ಕೋಟಿ ಜನ ಹೊಸ್ತಿಲಲ್ಲಿ ನಿಂತಿದ್ದಾರೆ. ‘ಜಗತ್ತಿನ ಡಯಾಬಿಟಿಸ್ ರಾಜಧಾನಿ’ ಅಂತ ವೇದಿಕೆ ಮೇಲೆ ಹೇಳುವಾಗ ಭಾಷಣಕಾರರ ಎದೆ ಉಬ್ಬುವುದನ್ನು ನೋಡಬೇಕು. ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟದ ಲೆಕ್ಕದಲ್ಲಿ ಚೀನಾದಲ್ಲಿ ನಮಗಿಂತ ಜಾಸ್ತಿ ಜನಕ್ಕಿದೆ ಅಂತ ಯಾರಾದರೂ ಕಿವಿಯಲ್ಲಿ ಹೇಳಿದರೆ ಪಾಪ, ಬೇಜಾರು ಮಾಡಿಕೊಂಡಾರು.

ನವೆಂಬರ್ 14 ಬಂದರಂತೂ ಮಜಾ. ಅವತ್ತು ನೆಹರೂ ಹುಟ್ಟಿದ ದಿನ, ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಹುಟ್ಟಿದ ದಿನವೂ ಹೌದು. ಹಾಗಾಗಿ ಬೆಳಿಗ್ಗೆ ಮಕ್ಕಳಿಗೆ ಚಾಕೊಲೇಟು, ಸಂಜೆ ಅವರಪ್ಪಂದಿರಿಗೆ ಶುಗರ್ ಟೆಸ್ಟು.

ಕುಂದವಾಡ ಕೆರೆ ಕಡೆ ವಾಕಿಂಗ್ ಹೋಗಿ ನೋಡಿ. ಮೊದಲು ‘ಮಗಳ ಮದುವೆ ಎಲ್ಲಿಗೆ ಬಂತು’ ಅಂತ ಕೇಳುತ್ತಿದ್ದವರು ಈಗ ‘ಎಚ್‌ಬಿಎ1ಸಿ ಎಷ್ಟು ಬಂತ್ರೀ ಮೇಷ್ಟ್ರೇ?’ ಅಂತಾರೆ. ಅದು ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ. 6.8ನವರು 9ರವರಿಗೆ ಬುದ್ಧಿ ಹೇಳುತ್ತಾರೆ. ಹಾಗಲಕಾಯಿ ರಸ, ನೆನೆಸಿದ ಮೆಂತ್ಯ, ಕಾಂಪೌಂಡಿನಲ್ಲಿ ಬೆಳೆಸಿದ ‘ಇನ್ಸುಲಿನ್ ಗಿಡ’ದ ಎಲೆ, ಎಲ್ಲದರ ವಿಚಾರ ವಿನಿಮಯ ಆಗುತ್ತದೆ. ಗಿಡಕ್ಕೆ ಇನ್ಸುಲಿನ್ ಅಂತ ಹೆಸರಿಟ್ಟ ಪುಣ್ಯಾತ್ಮನಿಗೆ ಮಾರ್ಕೆಟಿಂಗ್ ಚೆನ್ನಾಗಿ ಗೊತ್ತಿತ್ತು. ಚರ್ಚೆ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಬೆಣ್ಣೆ ದೋಸೆಗೆ. ಬೆಣ್ಣೆ ಜಾಸ್ತಿ, ಟೀಗೆ ಮಾತ್ರ ಬೆಲ್ಲ! ಬೆಲ್ಲವೂ ಶುಗರ್ ಏರಿಸುತ್ತದೆ ಅಂತ ಹೇಳಿ ನೋಡಿ, ನೀವು ನಮ್ಮ ಸಂಸ್ಕೃತಿಯ ವಿರೋಧಿ ಆಗಿಬಿಡುತ್ತೀರಿ.

ನಗೋದು ಸುಲಭ ಬಿಡಿ. ಕೆರೆ ಏರಿ ಮೇಲೆ ನಡೆಯುವವರಿಗೆ ಸಮಯ ಇದೆ, ಶೂ ಇದೆ, ಲ್ಯಾಬಿಗೆ ಕೊಡೋಕೆ ದುಡ್ಡೂ ಇದೆ. ಎಪಿಎಂಸಿಯಲ್ಲಿ ಮೂಟೆ ಹೊರುವವನಿಗೆ ‘ದಿನಾ ಅರ್ಧ ಗಂಟೆ ನಡೀರಿ, ಅನ್ನ ಕಮ್ಮಿ ಮಾಡಿ, ಹಣ್ಣು ತರಕಾರಿ ತಿನ್ನಿ’ ಅಂತ ಕರಪತ್ರ ಕೊಡುತ್ತಾರೆ. ಅವನಿಗೆ ಸಿಗೋದೇ ರೇಷನ್ ಅಕ್ಕಿ. ಮೆಟ್‌ಫಾರ್ಮಿನ್ ಶುಗರ್‌ಗೆ ಕೊಡುವ ಹಳೇ ಮಾತ್ರೆ, ಅಗ್ಗದ ಮಾತ್ರೆ. ಅದನ್ನು ಕೇಳಿಕೊಂಡು ಕೂಲಿ ಬಿಟ್ಟು ಬಂದವನಿಗೂ ‘ಸ್ಟಾಕ್ ಇಲ್ಲ, ಸೋಮವಾರ ಬಾ’ ಅಂದರೆ ಅವನು ಸೋಮವಾರ ಬರಲ್ಲ. ಯಾಕೆ ಬರಬೇಕು? ಸೋಮವಾರದ ಕೂಲಿ ಯಾರು ಕೊಡ್ತಾರೆ?

ಶುಗರ್ ಹಿಡಿತ ತಪ್ಪಿ ವರ್ಷಗಟ್ಟಲೆ ಹಾಗೇ ಇದ್ದರೆ ಪಾದದ ಸ್ಪರ್ಶವೇ ಹೋಗಬಹುದು. ಮುಳ್ಳು ಚುಚ್ಚಿದ್ದು ಗೊತ್ತಾಗಲ್ಲ. ಗಾಯ ಕೊಳೆತ ಮೇಲೆ ಆಸ್ಪತ್ರೆ, ಆಮೇಲೆ ಬೆರಳು, ಆಮೇಲೆ ಕಾಲು. ಇಷ್ಟು ಶಿಬಿರ ಮಾಡಿದ್ದೀರಲ್ಲ, ಎಷ್ಟು ಜನರ ಚಪ್ಪಲಿ ಬಿಚ್ಚಿಸಿ ಪಾದ ನೋಡಿದ್ದೀರಿ ಸ್ವಾಮಿ?