ಹಳೇ ಎಕ್ಸ್‌ಬಾಕ್ಸ್‌ನಲ್ಲಿ ವೀಡಿಯೊ ತಡವರಿಸಿದರೆ ತಪ್ಪು ಹಾರ್ಡ್ ಡಿಸ್ಕ್‌ನದ್ದಲ್ಲ

ಮೊದಲ ತಲೆಮಾರಿನ ಎಕ್ಸ್‌ಬಾಕ್ಸ್ ಗೇಮ್ ಯಂತ್ರದಲ್ಲಿ ಸಿನಿಮಾ ನೋಡಲು ಎಕ್ಸ್‌ಬಿಎಂಸಿ ಎಂಬ ಪ್ಲೇಯರ್ ತಂತ್ರಾಂಶ ಹಾಕಿಕೊಂಡವರಿಗೆ ಒಂದು ಸಲಹೆ ಓಡಾಡುತ್ತಿದೆ: 'ಎಚ್‌ಡಿ ಸಿನಿಮಾ ತಡವರಿಸುತ್ತಾ? ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿ, ಸರಿಹೋಗುತ್ತೆ.' ಇದು ತಪ್ಪು. ದಯವಿಟ್ಟು ಇದಕ್ಕಾಗಿ ದುಡ್ಡು ಕಳೆದುಕೊಳ್ಳಬೇಡಿ.

2001ರಲ್ಲಿ ಬಂದ ಈ ಯಂತ್ರದಲ್ಲಿರುವುದು 733 ಮೆಗಾಹರ್ಟ್ಸ್‌ನ ಇಂಟೆಲ್ ಪ್ರೊಸೆಸರ್, 64 ಎಂಬಿ ಮೆಮೊರಿ. ಎಚ್‌ಡಿ ಸಿನಿಮಾಗಳಲ್ಲಿ ಸಾಮಾನ್ಯವಾದ ಎಚ್.264 ಮಾದರಿಯಲ್ಲಿ ಕುಗ್ಗಿಸಿದ ವೀಡಿಯೊವನ್ನು ಬಿಡಿಸಿ ತೋರಿಸುವ ಕೆಲಸವೆಲ್ಲ ಆ ಪ್ರೊಸೆಸರ್ ಮೇಲೇ ಬೀಳುತ್ತದೆ. 1080ಪಿ ಅದರ ಕೈಲಾಗದ ಮಾತು. 720ಪಿ ಕೂಡ ಜಾಸ್ತಿನೇ. ಡಿಸ್ಕ್‌ಗೆ ಇಲ್ಲಿ ಅಂಥ ಕಷ್ಟವೇ ಇಲ್ಲ. ಸಿನಿಮಾ ಓಡಲು ಸೆಕೆಂಡಿಗೆ ಒಂದೆರಡು ಎಂಬಿ ಓದಿದರೆ ಸಾಕು, ಹಳೇ ಡಿಸ್ಕ್ ಕೂಡ ಅದಕ್ಕಿಂತ ಎಷ್ಟೋ ವೇಗವಾಗಿ ಓದುತ್ತದೆ.

ಅನುಮಾನವಿದ್ದರೆ ಅದೇ ಡಿಸ್ಕ್‌ಗೆ 480ಪಿ ಎಕ್ಸ್‌ವಿಡ್ (ಬಿಡಿಸಲು ಹಗುರವಾದ ಹಳೇ ವೀಡಿಯೊ ಮಾದರಿ) ಫೈಲ್ ಒಂದನ್ನು ಹಾಕಿ ನೋಡಿ. ಸಲೀಸಾಗಿ ಓಡಿದರೆ ಡಿಸ್ಕ್ ಚೆನ್ನಾಗಿದೆ ಎಂದೇ ಅರ್ಥ, ಅಲ್ವಾ? ಸಿನಿಮಾಗಳನ್ನು ಕಂಪ್ಯೂಟರ್‌ನಲ್ಲಿ ಅದೇ ರೀತಿಗೆ ಬದಲಿಸಿಕೊಳ್ಳಿ.

ಫೈಲ್ ಕಾಪಿಯೇ ಆಗದಿದ್ದರೂ ಕೆಲವರು ಡಿಸ್ಕನ್ನೇ ದೂರುತ್ತಾರೆ. ಮೊದಲು ಹೆಸರಿನ ಉದ್ದ ನೋಡಿ. ಎಕ್ಸ್‌ಬಾಕ್ಸ್‌ನ ಡಿಸ್ಕ್‌ನಲ್ಲಿ ಫೈಲ್ ಇಡುವ ಫ್ಯಾಟ್‌ಎಕ್ಸ್ ವ್ಯವಸ್ಥೆ 42 ಅಕ್ಷರಕ್ಕಿಂತ ಉದ್ದದ ಹೆಸರನ್ನು ಒಪ್ಪುವುದಿಲ್ಲ, 4 ಜಿಬಿ ಮೀರಿದ ಫೈಲನ್ನೂ ಅಷ್ಟೇ. ಹೆಸರು ಚಿಕ್ಕದು ಮಾಡಿ ಮತ್ತೆ ಕಳಿಸಿ.

ಡಿಸ್ಕ್ ನಿಜವಾಗಿಯೂ ಕೆಟ್ಟಿದ್ದರೆ ಬದಲಿಸಲೇಬೇಕು. ಎಚ್‌ಡಿ ಆಸೆಗೆ ಮಾತ್ರ ಬೇಡ.