ಸ್ಪಷ್ಟನೆ: ಗೆಲಿಲಿಯೊ ತೀರಿಕೊಂಡ ವರ್ಷ ನ್ಯೂಟನ್ ಹುಟ್ಟಲಿಲ್ಲ

1642ನೇ ಇಸವಿಯ ಘಟನೆಗಳನ್ನು ಪಟ್ಟಿಮಾಡಿರುವ ಸಂದೇಶವೊಂದು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದ್ದು, ಗೆಲಿಲಿಯೊ ನಿಧನರಾದ ವರ್ಷವೇ ಐಸಾಕ್ ನ್ಯೂಟನ್ ಜನಿಸಿದರೆಂದು ಅದರಲ್ಲಿ ಹೇಳಲಾಗಿದೆ. ಇದು ಸರಿಯಲ್ಲ.

ಇಲ್ಲಿ ಎರಡು ಬೇರೆ ಕ್ಯಾಲೆಂಡರುಗಳ ದಿನಾಂಕಗಳು ಬೆರೆತಿವೆ. ಗೆಲಿಲಿಯೊ ಫ್ಲಾರೆನ್ಸ್ ಬಳಿಯ ಆರ್ಚೆಟ್ರಿಯಲ್ಲಿ ನಿಧನರಾದದ್ದು 1642ರ ಜನವರಿ 8ರಂದು. ಇದು ಇಟಲಿಯಲ್ಲಿ 1582ರಿಂದ ಬಳಕೆಗೆ ಬಂದ, ಇಂದು ನಾವೂ ಅನುಸರಿಸುವ ಗ್ರೆಗೋರಿಯನ್ ಕ್ಯಾಲೆಂಡರಿನ ದಿನಾಂಕ. ನ್ಯೂಟನ್ ಜನ್ಮದಿನವೆಂದು ದಾಖಲಾಗಿರುವ 1642ರ ಡಿಸೆಂಬರ್ 25 ಮಾತ್ರ, ಇಂಗ್ಲೆಂಡ್ 1752ರವರೆಗೂ ಬಿಡದೆ ಉಳಿಸಿಕೊಂಡಿದ್ದ ಮತ್ತು ಆಗ ಹತ್ತು ದಿನ ಹಿಂದಿದ್ದ ಜೂಲಿಯನ್ ಕ್ಯಾಲೆಂಡರಿನದು. ಇಂದಿನ ಲೆಕ್ಕದಲ್ಲಿ ಅದು 1643ರ ಜನವರಿ 4. ಇಬ್ಬರಿಗೂ ಜೂಲಿಯನ್ ಲೆಕ್ಕವನ್ನೇ ಹಿಡಿಯೋಣವೆಂದರೆ ಗೆಲಿಲಿಯೊ ನಿಧನ 1641ರ ಡಿಸೆಂಬರ್ 29ಕ್ಕೆ ಸರಿಯುತ್ತದೆ. ಹೇಗೆ ಎಣಿಸಿದರೂ ವರ್ಷ ಒಂದಾಗುವುದಿಲ್ಲ.

ಪಟ್ಟಿಯಲ್ಲಿರುವ ಇಂಗ್ಲೆಂಡಿನ ಅಂತರ್ಯುದ್ಧದ ಆರಂಭ, ಡಚ್ ನಾವಿಕ ಟಾಸ್ಮನ್ ನ್ಯೂಜಿಲೆಂಡನ್ನು ಕಂಡದ್ದು ಎರಡೂ 1642ರವೇ. ಫ್ರಾನ್ಸಿನ ಗಣಿತಜ್ಞ ಪ್ಯಾಸ್ಕಲ್‌ರ ಲೆಕ್ಕದ ಯಂತ್ರದ ಕೆಲಸ ಆ ವರ್ಷ ಆರಂಭವಾಯಿತಷ್ಟೆ, ಮುಗಿಯಲಿಲ್ಲ. ನಿಜವಾದ ಕಾಕತಾಳೀಯವೇ ಬೇಕೆನ್ನುವವರಿಗೆ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಇದ್ದಾರೆ: ಅವರು ಜನಿಸಿದ್ದು 1942ರ ಜನವರಿ 8ರಂದು, ಗೆಲಿಲಿಯೊ ನಿಧನರಾಗಿ ಸರಿಯಾಗಿ 300 ವರ್ಷಕ್ಕೆ.

ಆದ್ದರಿಂದ ಆ ಸಂದೇಶವನ್ನು ದಯವಿಟ್ಟು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ ಗುಂಪುಗಳಿಗೆ ಈ ದಿನಾಂಕಗಳನ್ನು ತಿಳಿಸಿ.